ಗಂಡಿನ ಪಂಚಮ, ಹೆಣ್ಣಿನ ಷಡ್ಜ: ಹಾಡಿನ ನಡುವೆ ಶ್ರುತಿ ಬದಲಿಸುವ ಬಗೆ

ಆನಗೋಡು (ದಾವಣಗೆರೆ): ಜಾತ್ರೆ, ಯುಗಾದಿಗಳ ಹಂಗಾಮು ಬಂತೆಂದರೆ ಮಧ್ಯ ಕರ್ನಾಟಕದ ಹಳ್ಳಿಗಳಲ್ಲಿ ನಾಟಕದ ತಾಲೀಮು ಆರಂಭವಾಗುತ್ತದೆ. ದಾವಣಗೆರೆಯಿಂದ ಚಿತ್ರದುರ್ಗದ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿಯ ಮೇಲಿರುವ ಹೋಬಳಿ ಕೇಂದ್ರ ಆನಗೋಡಿನ ಆಸುಪಾಸೂ ಈ ಸೀಮೆಗೇ ಸೇರಿದ್ದು. ಗಂಡು ಪಾತ್ರಗಳನ್ನು ಊರಿನ ಯುವಕರೇ ವಹಿಸುತ್ತಾರೆ. ಸ್ತ್ರೀ ಪಾತ್ರಗಳಿಗೆ ಪೇಟೆಯಿಂದ ವೃತ್ತಿಪರ ಕಲಾವಿದೆಯರು ಬರುತ್ತಾರೆ. ರಂಗಸಜ್ಜಿಕೆ ಬಾಡಿಗೆಗೆ ಬರುತ್ತದೆ. ಹಾರ್ಮೋನಿಯಂ ಮಾಸ್ತರರು, ತಬಲಾದವರು, ಕ್ಯಾಸಿಯೊ ನುಡಿಸುವವರು ರಂಗದ ಮುಂದೆ ಕೂರುತ್ತಾರೆ. ಎಲ್ಲವೂ ಸರಿಯಾಗಿದ್ದರೂ ನಾಯಕ-ನಾಯಕಿಯರ ಯುಗಳಗೀತೆಯಲ್ಲಿ ಒಂದು ತೊಡಕು ತಲೆದೋರುವುದುಂಟು. ನಾಯಕನ ಸಾಲುಗಳು ನಿರಾಯಾಸವಾಗಿ ಸಾಗುತ್ತವೆ. ನಾಯಕಿಯ ಸಾಲುಗಳು ಒಂದೋ ಕಿರುಚಿದಂತೆ ಕೇಳಿಸುತ್ತವೆ, ಇಲ್ಲವೇ ಗಂಟಲಿನಲ್ಲೇ ಉಳಿದುಬಿಡುತ್ತವೆ.

ಕೇಳುಗರು ಇದನ್ನು ಕಂಠದ ದೋಷವೆಂದು ಭಾವಿಸುತ್ತಾರೆ. ಅನೇಕ ಸಂದರ್ಭಗಳಲ್ಲಿ ದೋಷವಿರುವುದು ಹಾಡನ್ನು ಕಟ್ಟಿದ ಕ್ರಮದಲ್ಲಿ. ತಾಲೀಮು ಊರಿನ ಗಂಡು ಪಾತ್ರಧಾರಿಗಳ ಶ್ರುತಿಯಲ್ಲಿ ನಡೆದಿರುತ್ತದೆ. ಹಾಡು ಆದಿಯಿಂದ ಅಂತ್ಯದವರೆಗೆ ಅದೇ ಶ್ರುತಿಗೆ ಕಟ್ಟುಬಿದ್ದಿರುತ್ತದೆ. ಪ್ರದರ್ಶನಕ್ಕೆ ಒಂದೆರಡು ದಿನ ಮೊದಲು ಬಂದು ಸೇರುವ ಕಲಾವಿದೆ ತನ್ನದಲ್ಲದ ಶ್ರುತಿಯಲ್ಲಿ ಹಾಡಬೇಕಾಗುತ್ತದೆ. ಇದಕ್ಕೆ ಹಾಡಿನ ರಚನೆಯೊಳಗೇ ಪರಿಹಾರವುಂಟು. ಹಾಡಿನ ನಡುವೆ, ಕೇಳುಗನಿಗೆ ಎಡವಿದಂತಾಗದ ಹಾಗೆ, ಶ್ರುತಿಯನ್ನು ಬದಲಿಸುವುದೇ ಆ ಪರಿಹಾರ. ಪಾಶ್ಚಾತ್ಯ ಗೀತರಚನೆಯಲ್ಲಿ ಇದು ನೆಲೆಗೊಂಡ ತಂತ್ರ. ಹೊಸದಾಗಿ ರಂಗಗೀತೆ, ಭಾವಗೀತೆ, ಆಲ್ಬಂ ಹಾಡುಗಳನ್ನು ಕಟ್ಟುವ ಕನ್ನಡದ ಯುವ ಸಂಯೋಜಕರೂ ಇದನ್ನು ಕ್ರಮಬದ್ಧವಾಗಿ ಕಲಿಯಬಹುದು. ಅದಕ್ಕೆ ಬೇಕಾದದ್ದು ಒಂದು ಹಾರ್ಮೋನಿಯಂ ಮತ್ತು ಸ್ವಲ್ಪ ಲೆಕ್ಕಾಚಾರ.

ಮೂರು ಬಗೆಯ ಬದಲಾವಣೆ

ಮೊದಲಿಗೆ ಹೆಸರುಗಳ ಗೊಂದಲವನ್ನು ಬಿಡಿಸಿಕೊಳ್ಳಬೇಕು. ಹಾಡಿನ ನಡುವೆ ಆಗಬಹುದಾದ ಬದಲಾವಣೆಗಳಲ್ಲಿ ಮೂರು ಬಗೆ.

ಮೊದಲನೆಯದು ರಾಗದ ಬದಲಾವಣೆ. ರಾಗಮಾಲಿಕೆಯಲ್ಲಿ ಆಗುವುದು ಇದೇ. ಪಲ್ಲವಿ ಒಂದು ರಾಗದಲ್ಲಿ, ಚರಣಗಳು ಬೇರೆ ಬೇರೆ ರಾಗಗಳಲ್ಲಿ ಇರುತ್ತವೆ. ಆದರೆ ತಂಬೂರಿಯ ಷಡ್ಜ ಕದಲುವುದಿಲ್ಲ. ಮುತ್ತುಸ್ವಾಮಿ ದೀಕ್ಷಿತರ ಪ್ರಸಿದ್ಧ ಚತುರ್ದಶ ರಾಗಮಾಲಿಕೆಯಲ್ಲಿ 14 ರಾಗಗಳಿದ್ದರೂ ಆಧಾರ ಷಡ್ಜ ಒಂದೇ.

ಎರಡನೆಯದು ಶ್ರುತಿಯ ಬದಲಾವಣೆ. ಇಲ್ಲಿ ರಾಗ ಅದೇ ಉಳಿಯುತ್ತದೆ, ಷಡ್ಜ ಬೇರೆ ಮನೆಗೆ ಹೋಗುತ್ತದೆ. ಇಡೀ ಹಾಡು ಒಂದು ಮೆಟ್ಟಿಲು ಮೇಲಕ್ಕೋ ಕೆಳಕ್ಕೋ ಸರಿದಂತೆ ಕೇಳಿಸುತ್ತದೆ.

ಮೂರನೆಯದು ಗ್ರಹಭೇದ. ನುಡಿಸುವ ಮನೆಗಳು ಅವೇ. ಯಾವ ಮನೆಯನ್ನು ಷಡ್ಜವೆಂದು ತಿಳಿಯಬೇಕೆಂಬುದು ಮಾತ್ರ ಬದಲಾಗುತ್ತದೆ. ಆಗ ರಾಗವೇ ಬೇರೆಯಾಗಿ ಕೇಳಿಸುತ್ತದೆ. ಕರ್ನಾಟಕ ಸಂಗೀತದಲ್ಲಿ ಜಿ.ಎನ್. ಬಾಲಸುಬ್ರಹ್ಮಣ್ಯಂ ಅವರಂಥ ವಿದ್ವಾಂಸರು ಆಲಾಪನೆಯಲ್ಲಿ ಇದನ್ನು ಪ್ರಯೋಗಿಸಿ ಹೆಸರಾದರು.

ಗ್ರಹಭೇದವನ್ನು ಸಂಗೀತ ಕಲಿಯದವರೂ ಮನೆಯಲ್ಲೇ ಪರೀಕ್ಷಿಸಿ ನೋಡಬಹುದು. ಹಾರ್ಮೋನಿಯಂನ ಒಂದು ಸ್ಥಾಯಿಯಲ್ಲಿ 12 ಮನೆಗಳು: 7 ಬಿಳಿ, 5 ಕರಿ. ಕರಿ ಮನೆಗಳನ್ನು ಮಾತ್ರ ನುಡಿಸಬೇಕು. ಕರಿ 3ರಿಂದ ಆರಂಭಿಸಿ ಅಲ್ಲಿಗೇ ಬಂದು ನಿಂತರೆ ಮೋಹನ ರಾಗ, ಹಿಂದೂಸ್ತಾನಿಯವರ ಭೂಪ. ಅದೇ ಐದು ಮನೆಗಳನ್ನು ಕರಿ 4ರಿಂದ ನುಡಿಸಿದರೆ ಮಧ್ಯಮಾವತಿ, ಕರಿ 5ರಿಂದ ನುಡಿಸಿದರೆ ಹಿಂದೋಳ, ಅಂದರೆ ಮಾಲಕಂಸ. ಕರಿ 1ರಿಂದ ಹೊರಟರೆ ಶುದ್ಧ ಸಾವೇರಿ, ಅಂದರೆ ದುರ್ಗಾ. ಕರಿ 2ರಿಂದ ಹೊರಟರೆ ಶುದ್ಧ ಧನ್ಯಾಸಿ. ಐದು ಮನೆಗಳಲ್ಲಿ ಐದು ರಾಗಗಳು. ಯಾವುದೇ ಸ್ವರಕ್ಕೆ ತನ್ನಷ್ಟಕ್ಕೆ ತಾನೇ ಭಾವವಿಲ್ಲ, ಷಡ್ಜದೊಂದಿಗಿನ ಸಂಬಂಧದಿಂದ ಅದು ಹುಟ್ಟುತ್ತದೆ ಎಂಬ ಮೂಲಪಾಠ ಇದರಿಂದ ಕಿವಿಗೆ ಮನವರಿಕೆಯಾಗುತ್ತದೆ. ಷಡ್ಜವನ್ನು ಸರಿಸುವವನು ಹಾಡಿನ ಎಲ್ಲ ಸ್ವರಗಳ ಅರ್ಥವನ್ನೂ ಸರಿಸುತ್ತಾನೆ. ಶ್ರುತಿ ಬದಲಾವಣೆಯ ಶಕ್ತಿಗೂ ಅಪಾಯಕ್ಕೂ ಇದೇ ಕಾರಣ.

ನಮ್ಮ ಶಾಸ್ತ್ರೀಯ ಸಂಗೀತ ಷಡ್ಜವನ್ನು ಅಚಲವಾಗಿ ಇರಿಸಿಕೊಂಡದ್ದಕ್ಕೂ ಇದೇ ಹಿನ್ನೆಲೆ. ಗಮಕ, ಮೀಂಡ್‌ಗಳ ಸೂಕ್ಷ್ಮವೆಲ್ಲ ತಂಬೂರಿಯ ನಿರಂತರ ನಾದದ ಎದುರಿನಲ್ಲಿ ಸ್ಪಷ್ಟವಾಗುತ್ತದೆ. ಆದರೂ ಅಲ್ಲಿಯೂ ಒಂದು ಒಪ್ಪಿತ ಅಪವಾದವುಂಟು. ಪುನ್ನಾಗವರಾಳಿ, ನಾದನಾಮಕ್ರಿಯೆ, ಕುರಂಜಿ, ನವರೋಜಿನಂಥ ಕಿರಿದಾದ ವ್ಯಾಪ್ತಿಯ ರಾಗಗಳನ್ನು ಮಧ್ಯಮ ಶ್ರುತಿಯಲ್ಲಿ ಹಾಡುವ ರೂಢಿಯಿದೆ. ತಂಬೂರಿಯ ಪಂಚಮದ ತಂತಿಯನ್ನು ಮಧ್ಯಮಕ್ಕೆ ಇಳಿಸಿ, ಆ ಮಧ್ಯಮವನ್ನೇ ಷಡ್ಜವೆಂದು ಹಿಡಿಯುತ್ತಾರೆ. ಕಾರಣ ಸರಳ: ಮಂದ್ರಕ್ಕೆ ಹೆಚ್ಚಾಗಿ ಇಳಿಯುವ, ತಾರಕ್ಕೆ ಏರದ ಹಾಡಿಗೆ ಷಡ್ಜ ಸ್ವಲ್ಪ ಮೇಲಿದ್ದರೆ ಕಂಠಕ್ಕೆ ಹಿತ. ಹಾಡಿನ ವ್ಯಾಪ್ತಿ ಮತ್ತು ಕಂಠದ ವ್ಯಾಪ್ತಿ ಹೊಂದದಿದ್ದಾಗ ಸರಿಯಬೇಕಾದದ್ದು ಶ್ರುತಿ ಎಂಬ ತತ್ವ ಇಲ್ಲಿಯೇ ಇದೆ.

ಕಂಪನಿ ನಾಟಕದ ಪಾಠ

ದಾವಣಗೆರೆ ಕಂಪನಿ ನಾಟಕಗಳ ಊರು. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ನೆಲೆ ಇದು. ಅವರ ಮಗಳು ಚಿಂದೋಡಿ ಲೀಲಾ ಈ ಪರಂಪರೆಯನ್ನು ದಶಕಗಳ ಕಾಲ ಮುನ್ನಡೆಸಿದರು. 1988ರಲ್ಲಿ ಪದ್ಮಶ್ರೀ ಪುರಸ್ಕೃತರಾದ ಅವರು 2010ರಲ್ಲಿ ನಿಧನರಾದರು. ಇದೇ ಮನೆತನದ ಚಿಂದೋಡಿ ಬಂಗಾರೇಶ್ ನಿರ್ದೇಶಿಸಿದ ‘ಗಾನಯೋಗಿ ಪಂಚಾಕ್ಷರ ಗವಾಯಿ’ ಚಲನಚಿತ್ರ 1995ನೇ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಹಂಸಲೇಖ ಅವರಿಗೆ ಸಂಗೀತ ನಿರ್ದೇಶನದ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಹಿನ್ನೆಲೆ ಗಾಯನದ ಗೌರವ ತಂದಿತು. ಚಿತ್ರದ ಕಥಾನಾಯಕರಾದ ಗದಗಿನ ಪಂಚಾಕ್ಷರ ಗವಾಯಿಗಳಿಗೂ ನಾಟಕ ಕಂಪನಿಯ ನಂಟಿತ್ತು. ಶಾಸ್ತ್ರೀಯ ಸಂಗೀತ ಮತ್ತು ರಂಗಸಂಗೀತ ಈ ಭಾಗದಲ್ಲಿ ಅಕ್ಕಪಕ್ಕದಲ್ಲೇ ಬೆಳೆದವು.

ಕಂಪನಿ ನಾಟಕದ ಕೇಂದ್ರವಾದ್ಯ ಹಾರ್ಮೋನಿಯಂ. 1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆಂ ಪೇಟೆಂಟ್ ಪಡೆದ ಈ ವಾದ್ಯ ಹತ್ತೊಂಬತ್ತನೆಯ ಶತಮಾನದಲ್ಲೇ ಭಾರತಕ್ಕೆ ಬಂತು. ಕಲ್ಕತ್ತೆಯಲ್ಲಿ ಕೈಪೆಟ್ಟಿಗೆಯಾಗಿ ರೂಪಾಂತರಗೊಂಡು ದೇಶದಾದ್ಯಂತ ಹರಡಿತು. ಶಾಸ್ತ್ರೀಯ ಸಂಗೀತದವರು ಅದನ್ನು ಒಪ್ಪಿಕೊಳ್ಳಲು ಹಿಂಜರಿದರು. 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು. 1971ರ ವೇಳೆಗೆ ಆ ನಿರ್ಬಂಧ ಸಡಿಲವಾಯಿತು. ಆಕ್ಷೇಪದ ಮೂಲ ವಾದ್ಯದ ಶ್ರುತಿ ವ್ಯವಸ್ಥೆಯಲ್ಲಿತ್ತು. ಹಾರ್ಮೋನಿಯಂ ಒಂದು ಸ್ಥಾಯಿಯನ್ನು 12 ಸಮಭಾಗ ಮಾಡುತ್ತದೆ. ತಂಬೂರಿಗೆ ಕೂಡಿಸಿದ ಶುದ್ಧ ಪಂಚಮ ಷಡ್ಜದ 1.5 ಪಟ್ಟು ಕಂಪನ ಹೊಂದಿದ್ದರೆ, ಹಾರ್ಮೋನಿಯಂನ ಪಂಚಮ 1.498 ಪಟ್ಟು. ಗಾಂಧಾರದಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು: ಶುದ್ಧವಾದದ್ದು 1.25, ಹಾರ್ಮೋನಿಯಂನದು 1.26ರ ಸನಿಹ. ಗಮಕವೂ ಅದರಲ್ಲಿ ಬಾರದು. ಆದರೆ ಇದೇ ಸಮವಿಭಾಗದಿಂದ ಒಂದು ಅನುಕೂಲವಾಯಿತು. ಯಾವ ಮನೆಯನ್ನು ಷಡ್ಜವಾಗಿ ಹಿಡಿದರೂ ರಾಗದ ಅಂತರಗಳು ಒಂದೇ ಆಗಿರುತ್ತವೆ. ಶ್ರುತಿ ಬದಲಾವಣೆಗೆ ಹೇಳಿಮಾಡಿಸಿದ ವಾದ್ಯವಿದು.

ಈ ಅನುಕೂಲ ಏಕೆ ಬೇಕಾಯಿತೆಂಬುದನ್ನು ರಂಗಭೂಮಿಯ ಚರಿತ್ರೆ ಹೇಳುತ್ತದೆ. ಕಂಪನಿ ನಾಟಕಗಳ ಆರಂಭದ ದಿನಗಳಲ್ಲಿ ಸ್ತ್ರೀ ಪಾತ್ರಗಳನ್ನು ಪುರುಷರೂ ಬಾಲನಟರೂ ವಹಿಸುತ್ತಿದ್ದರು. ಸ್ತ್ರೀಯರು ರಂಗಕ್ಕೆ ಬಂದ ಮೇಲೆ ಒಂದೇ ದೃಶ್ಯದಲ್ಲಿ ಎರಡು ಬಗೆಯ ಕಂಠಗಳು ಎದುರುಬದುರಾದವು. ಗಂಡು ಹಾಡುಗಾರರಲ್ಲಿ ಅನೇಕರ ಶ್ರುತಿ ಬಿಳಿ 1ರಿಂದ ಕರಿ 2ರ ನಡುವೆ ಇರುತ್ತದೆ. ಹಾಡುಗಾರ್ತಿಯರಲ್ಲಿ ಅನೇಕರದು ಬಿಳಿ 4ರಿಂದ ಕರಿ 5ರ ನಡುವೆ. ಪ್ರತ್ಯೇಕ ಹಾಡುಗಳಿಗೆ ಇದರಿಂದ ಅಡ್ಡಿಯಿಲ್ಲ. ಪಾತ್ರ ಬದಲಾದಂತೆ ಮಾಸ್ತರರು ಮನೆ ಬದಲಿಸಿ ನುಡಿಸುತ್ತಾರೆ. ತೊಡಕಿರುವುದು ಇಬ್ಬರೂ ಸೇರಿ ಹಾಡುವ ಹಾಡಿನಲ್ಲಿ.

ಲೆಕ್ಕ ಹೀಗಿದೆ

ಒಂದು ಹಾಡು ಮಂದ್ರ ಪಂಚಮದಿಂದ ತಾರ ಗಾಂಧಾರದವರೆಗೆ ಸಂಚರಿಸುತ್ತದೆ ಎಂದಿಟ್ಟುಕೊಳ್ಳೋಣ. ನಾಯಕನ ಶ್ರುತಿ ಕರಿ 1. ಅವನ ಮಧ್ಯ ಷಡ್ಜ ಸೆಕೆಂಡಿಗೆ ಸುಮಾರು 139 ಕಂಪನಗಳದ್ದು. ಹಾಡಿನ ತಳ ಸುಮಾರು 104, ತುದಿ ಸುಮಾರು 349. ಪುರುಷ ಕಂಠಕ್ಕೆ ಇದು ಶ್ರಮವಾದರೂ ನಿಲುಕುವ ವ್ಯಾಪ್ತಿ.

ಇದೇ ಶ್ರುತಿಯಲ್ಲಿ ನಾಯಕಿ ಹಾಡಬೇಕಾದರೆ ಅವಳ ಮುಂದೆ ಎರಡೇ ದಾರಿ. ನಾಯಕನ ಸ್ಥಾಯಿಯಲ್ಲೇ ಹಾಡಿದರೆ 104ರ ತಳವನ್ನು ಮುಟ್ಟಬೇಕು. ಬಹುತೇಕ ಸ್ತ್ರೀ ಕಂಠಗಳು ಅಲ್ಲಿಗೆ ಇಳಿಯುವುದಿಲ್ಲ. ಒಂದು ಸ್ಥಾಯಿ ಮೇಲೆ ಹಾಡಿದರೆ ತುದಿ ಸುಮಾರು 698ಕ್ಕೆ ಏರುತ್ತದೆ. ನುರಿತ ಹಿನ್ನೆಲೆ ಗಾಯಕಿಯರಿಗೆ ಸಾಧ್ಯವಾಗುವ ಎತ್ತರ ಅದು. ರಾತ್ರಿಯಿಡೀ ಸಂಭಾಷಣೆ ಹೇಳಿ ಬಳಲಿದ ಕಂಠಕ್ಕೆ ಅದು ಶಿಕ್ಷೆ. ಕಿರುಚುವುದು ಅಥವಾ ಗಂಟಲಲ್ಲೇ ಉಳಿಯುವುದು ಎಂಬ ಎರಡು ದೋಷಗಳು ಈ ಎರಡು ದಾರಿಗಳ ಫಲ.

ಷಡ್ಜವನ್ನು ಕರಿ 4ಕ್ಕೆ ಸರಿಸಿದರೆ ಚಿತ್ರವೇ ಬದಲಾಗುತ್ತದೆ. ನಾಯಕಿಯ ಮಧ್ಯ ಷಡ್ಜ ಸುಮಾರು 208. ಹಾಡಿನ ತಳ 156ರ ಸನಿಹ, ತುದಿ 523ರ ಸನಿಹ. ಅನೇಕ ಸ್ತ್ರೀ ಕಂಠಗಳಿಗೆ ಇದು ಸಹಜ ವ್ಯಾಪ್ತಿ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕರಿ 1ರ ಪಂಚಮ ಯಾವುದು? ಕರಿ 4. ಅಂದರೆ ನಾಯಕನ ಮಧ್ಯ ಸ್ಥಾಯಿಯ ಪಂಚಮವೂ ನಾಯಕಿಯ ಮಧ್ಯ ಷಡ್ಜವೂ ಒಂದೇ ನಾದ, ಸುಮಾರು 208 ಕಂಪನಗಳದ್ದು. ಅವನು ಪಂಚಮದಲ್ಲಿ ನಿಂತಾಗ ಅವಳ ಷಡ್ಜ ಅದಾಗಲೇ ರಂಗದ ಮೇಲೆ ಕೇಳಿಸುತ್ತಿರುತ್ತದೆ. ಹಾಡನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು.

ಹತ್ತಿರದ ಮನೆ, ದೂರದ ಮನೆ

ಪಂಚಮಕ್ಕೆ ಸರಿಯುವುದು ಸುಲಭವಾಗಿರಲು ಇನ್ನೊಂದು ಕಾರಣವಿದೆ. ಮೋಹನವನ್ನೇ ತೆಗೆದುಕೊಂಡರೆ, ಕರಿ 1ರ ಶ್ರುತಿಯಲ್ಲಿ ಅದರ ಮನೆಗಳು ಕರಿ 1, ಕರಿ 2, ಬಿಳಿ 4, ಕರಿ 4, ಕರಿ 5. ಕರಿ 4ರ ಶ್ರುತಿಯಲ್ಲಿ ಅದೇ ರಾಗದ ಮನೆಗಳು ಕರಿ 4, ಕರಿ 5, ಬಿಳಿ 1, ಕರಿ 2, ಬಿಳಿ 4. ಐದರಲ್ಲಿ ನಾಲ್ಕು ಮನೆಗಳು ಎರಡಕ್ಕೂ ಸಮಾನ. ಬದಲಾಗುವುದು ಒಂದೇ: ಕರಿ 1 ಹೋಗಿ ಪಕ್ಕದ ಬಿಳಿ 1 ಬರುತ್ತದೆ.

ಅರ್ಧ ಮೆಟ್ಟಿಲು ಮೇಲೇರಿಸಿ ಬಿಳಿ 2ಕ್ಕೆ ಹೋದರೆ ಮೋಹನದ ಮನೆಗಳು ಬಿಳಿ 2, ಬಿಳಿ 3, ಕರಿ 3, ಬಿಳಿ 6, ಬಿಳಿ 7. ಮೊದಲಿನ ಐದರಲ್ಲಿ ಒಂದೂ ಉಳಿಯಲಿಲ್ಲ. ಕೈ ಸರಿದದ್ದು ಒಂದೇ ಮನೆ. ಕಿವಿಯ ಪಾಲಿಗೆ ಅದು ಅತ್ಯಂತ ದೂರದ ಪಯಣ. ಒಂದು ಪೂರ್ಣ ಮೆಟ್ಟಿಲೇರಿ ಕರಿ 2ಕ್ಕೆ ಹೋದರೆ ಮೂರು ಮನೆಗಳು ಸಮಾನ. ಮಧ್ಯಮಕ್ಕೆ, ಅಂದರೆ ಕರಿ 3ಕ್ಕೆ ಹೋದರೆ ಮತ್ತೆ ನಾಲ್ಕು ಸಮಾನ. ವಾದ್ಯದ ಮೇಲಿನ ದೂರವೂ ಕಿವಿಯ ದೂರವೂ ಬೇರೆ ಬೇರೆ ಎಂಬುದನ್ನು ಹೊಸ ಸಂಯೋಜಕರು ಮೊದಲು ಮನಗಾಣಬೇಕು.

ಯಾವ ದೂರ ಬೇಕೆಂಬುದನ್ನು ಹಾಡಿನ ಉದ್ದೇಶ ನಿರ್ಧರಿಸುತ್ತದೆ. ಪಾಶ್ಚಾತ್ಯ ಜನಪ್ರಿಯ ಗೀತೆಗಳಲ್ಲಿ ಕೊನೆಯ ಪಲ್ಲವಿಯನ್ನು ಅರ್ಧ ಅಥವಾ ಒಂದು ಮೆಟ್ಟಿಲು ಥಟ್ಟನೆ ಏರಿಸುವ ರೂಢಿ ಬಹಳ ಕಾಲ ಚಾಲ್ತಿಯಲ್ಲಿತ್ತು. 1992ರಲ್ಲಿ ವಿಟ್ನಿ ಹ್ಯೂಸ್ಟನ್ ಹಾಡಿದ ‘ಐ ವಿಲ್ ಆಲ್ವೇಸ್ ಲವ್ ಯೂ’ ಗೀತೆಯಲ್ಲಿ ಕ್ಷಣಕಾಲದ ಮೌನ, ಒಂದು ಡ್ರಮ್ ಪೆಟ್ಟು, ಆ ಮೇಲೆ ಒಂದು ಪೂರ್ಣ ಮೆಟ್ಟಿಲು ಎತ್ತರದ ಪಲ್ಲವಿ ಬರುತ್ತದೆ. ಬಿಯಾನ್ಸೆಯ 2011ರ ‘ಲವ್ ಆನ್ ಟಾಪ್’ ಕೊನೆಯ ಭಾಗದಲ್ಲಿ ಅರ್ಧರ್ಧ ಮೆಟ್ಟಿಲಿನಂತೆ ನಾಲ್ಕು ಬಾರಿ ಏರುತ್ತದೆ. ಇವೆರಡರಲ್ಲೂ ಉದ್ದೇಶ ಕೇಳುಗನನ್ನು ಬೆಚ್ಚಿಸಿ ಹುರಿದುಂಬಿಸುವುದು. ದೂರದ ಮನೆಯೇ ಅಲ್ಲಿ ಸೂಕ್ತ. ಬೀಟಲ್ಸ್ ತಂಡದ 1967ರ ‘ಪೆನ್ನಿ ಲೇನ್’ ಬೇರೆ ದಾರಿ ಹಿಡಿಯುತ್ತದೆ. ಅದರಲ್ಲಿ ಚರಣ ಒಂದು ಶ್ರುತಿಯಲ್ಲಿ, ಪಲ್ಲವಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಕೊನೆಯ ಪಲ್ಲವಿ ಮಾತ್ರ ಚರಣದ ಶ್ರುತಿಗೆ ಏರಿ ಮುಗಿಯುತ್ತದೆ. ಎರಡು ಶ್ರುತಿಗಳು ಹಾಡಿನ ಎರಡು ಕೋಣೆಗಳಂತೆ ಕೆಲಸ ಮಾಡುತ್ತವೆ. ಯುಗಳಗೀತೆಗೆ ಬೇಕಾದದ್ದು ಈ ಎರಡನೆಯ ಬಗೆ.

ದಾಟಿಸುವ ಸೇತುವೆ

ಶ್ರುತಿ ಬದಲಾವಣೆಯ ಯಶಸ್ಸು ಸೇತುವೆಯನ್ನು ಅವಲಂಬಿಸಿದೆ. ಕರಿ 1ರಿಂದ ಕರಿ 4ಕ್ಕೆ ಮೋಹನದಲ್ಲಿ ದಾಟುವ ಸರಳ ಮಾದರಿಯೊಂದು ಹೀಗಿರಬಹುದು.

ನಾಯಕನ ಪಲ್ಲವಿ ಷಡ್ಜದಲ್ಲಿ ಮುಗಿಯುವ ಬದಲು ‘ಗ ಪ ದ ಪ’ ಎಂದು ಪಂಚಮದಲ್ಲಿ ನಿಲ್ಲಲಿ. ಅವನು ಪಂಚಮವನ್ನು ಹಿಡಿದಿರುವಾಗ ಹಾರ್ಮೋನಿಯಂ ಒಂದು ಆವರ್ತ ‘ಪ ದ ಸ ದ ಪ’ ನುಡಿಸಲಿ. ಇಲ್ಲಿನ ‘ಸ’ ತಾರ ಷಡ್ಜ. ಮನೆಗಳ ಲೆಕ್ಕದಲ್ಲಿ ಇದು ಕರಿ 4, ಕರಿ 5, ಕರಿ 1, ಕರಿ 5, ಕರಿ 4. ಕೇಳುಗ ಇನ್ನೂ ಹಳೆಯ ಶ್ರುತಿಯಲ್ಲೇ ಇದ್ದಾನೆ. ಎರಡನೆಯ ಆವರ್ತದಲ್ಲಿ ಅದೇ ಚಲನೆ, ಆದರೆ ಕರಿ 1ರ ಬದಲು ಬಿಳಿ 1. ಹಳೆಯ ಲೆಕ್ಕದಲ್ಲಿ ಇದು ‘ಪ ದ ನಿ ದ ಪ’. ಮೋಹನದಲ್ಲಿಲ್ಲದ ಕಾಕಲಿ ನಿಷಾದ ಕಿವಿಗೆ ಬಿದ್ದೊಡನೆ ಕೇಳುಗನಲ್ಲಿ ಒಂದು ಸಣ್ಣ ಸಂದೇಹ ಮೂಡುತ್ತದೆ. ಈ ಆವರ್ತದ ಕೊನೆಗೆ ಆಧಾರ ನಾದವನ್ನು ಕರಿ 4ಕ್ಕೆ ಬದಲಿಸಬೇಕು. ಮೂರನೆಯ ಆವರ್ತಕ್ಕೆ ನಾಯಕಿ ಎತ್ತಿಕೊಳ್ಳುತ್ತಾಳೆ. ಅದೇ ಮನೆಗಳು ಈಗ ಅವಳ ‘ಸ ರಿ ಗ ರಿ ಸ’ ಆಗಿವೆ. ಸಂದೇಹ ಹುಟ್ಟಿಸಿದ ನಿಷಾದ ಅವಳ ಗಾಂಧಾರವಾಗಿ ನೆಲೆ ಕಂಡಿದೆ.

ಮರಳುವ ದಾರಿಯೂ ಇದರಲ್ಲೇ ಇದೆ. ಬಿಟ್ಟುಬಂದ ಕರಿ 1 ಹೊಸ ಶ್ರುತಿಯಲ್ಲಿ ಮಧ್ಯಮ. ನಾಯಕಿಯ ಚರಣದ ಕೊನೆಯಲ್ಲಿ ‘ಸ ರಿ ಗ ರಿ ಸ’ ಇದ್ದಲ್ಲಿ ‘ಸ ರಿ ಮ ರಿ ಸ’ ಎಂದು ಮಧ್ಯಮವನ್ನು ತಂದು, ಅನಂತರ ಕರಿ 4, ಬಿಳಿ 4, ಕರಿ 2, ಕರಿ 1 ಎಂದು ಇಳಿದರೆ ಅದು ಹಳೆಯ ಶ್ರುತಿಯ ‘ಪ ಗ ರಿ ಸ’. ನಾಯಕ ತನ್ನ ಷಡ್ಜದಲ್ಲಿ ಪಲ್ಲವಿಯನ್ನು ಹಿಡಿಯಬಹುದು. ಹೋಗುವಾಗ ಕೈಬಿಟ್ಟ ಸ್ವರವೇ ಬರುವಾಗ ದಾರಿ ತೋರುತ್ತದೆ.

ನಾಯಕಿಯ ಕಂಠ ತುಸು ತಗ್ಗಿನದಾಗಿದ್ದರೆ ಪಂಚಮದ ಬದಲು ಮಧ್ಯಮಕ್ಕೆ, ಅಂದರೆ ಕರಿ 3ಕ್ಕೆ ದಾಟಬಹುದು. ಆಗ ಬದಲಾಗುವ ಮನೆ ಬಿಳಿ 4. ಅದರ ಜಾಗಕ್ಕೆ ಕರಿ 3 ಬರುತ್ತದೆ. ಮಧ್ಯಮ ಶ್ರುತಿಯ ಹಳೆಯ ರೂಢಿಯೇ ಇಲ್ಲಿ ಹಾಡಿನ ನಡುವೆ ಬಂದಂತಾಗುತ್ತದೆ.

ಸಾಹಿತ್ಯ ತಿರುಗುವಲ್ಲಿ ಶ್ರುತಿ ತಿರುಗಲಿ

ಶ್ರುತಿ ಬದಲಾವಣೆಗೆ ಕಂಠದ ಕಾರಣ ಮಾತ್ರ ಸಾಲದು. ಸಾಹಿತ್ಯದ ಕಾರಣವೂ ಬೇಕು. ಹಾಡಿನಲ್ಲಿ ಮಾತನಾಡುವವರು ಬದಲಾದಾಗ, ಪ್ರಶ್ನೆ ಮುಗಿದು ಉತ್ತರ ಆರಂಭವಾದಾಗ, ನೆನಪಿನಿಂದ ವರ್ತಮಾನಕ್ಕೆ ಬಂದಾಗ, ಕೋಪ ಇಳಿದು ಒಪ್ಪಿಗೆ ಮೂಡಿದಾಗ ಷಡ್ಜ ಸರಿದರೆ ಕೇಳುಗನಿಗೆ ಅದು ಅರ್ಥದ ಭಾಗವಾಗಿಯೇ ತೋರುತ್ತದೆ. ಸಾಲಿನ ಅರ್ಥ ಅಖಂಡವಾಗಿರುವಾಗ ನಡುವೆ ಸರಿದರೆ ಹಾಡುಗಾರ ಶ್ರುತಿ ತಪ್ಪಿದನೆಂದೇ ಕೇಳುಗ ಭಾವಿಸುತ್ತಾನೆ. ಆದ್ದರಿಂದ ಗೀತೆಯನ್ನು ಬರೆಯುವವರು ಮತ್ತು ರಾಗ ಹಾಕುವವರು ಒಟ್ಟಿಗೆ ಕುಳಿತು ತಿರುವಿನ ಜಾಗವನ್ನು ಮೊದಲೇ ಗುರುತಿಸಿಕೊಳ್ಳುವುದು ಒಳಿತು. ಸೇತುವೆಗೆ ಒಂದೆರಡು ಆವರ್ತಗಳ ಅವಕಾಶವನ್ನು ಬರವಣಿಗೆಯಲ್ಲೇ ಬಿಡಬೇಕಾಗುತ್ತದೆ. ರಂಗಗೀತೆಯಲ್ಲಿ ಈ ಅವಧಿ ನಟರ ಚಲನೆಗೂ ಒದಗಿಬರುತ್ತದೆ.

ಪಕ್ಕವಾದ್ಯಗಳ ತೊಡಕು

ಹಾಡುವವರು ಸಿದ್ಧರಾದರೂ ವಾದ್ಯಗಳು ಸಿದ್ಧವಿರುವುದಿಲ್ಲ. ತಬಲಾವನ್ನು ಕರಿ 1ಕ್ಕೆ ಕೂಡಿಸಿದ್ದರೆ, ಶ್ರುತಿ ಕರಿ 4ಕ್ಕೆ ಸರಿದ ಮೇಲೂ ಅದು ಕರಿ 1ನ್ನೇ ನುಡಿಯುತ್ತಿರುತ್ತದೆ. ಹೊಸ ಶ್ರುತಿಯಲ್ಲಿ ಅದು ಮೋಹನದಲ್ಲಿಲ್ಲದ ಮಧ್ಯಮ. ಪಕ್ಕದಲ್ಲೇ ಇರುವ ನಾಯಕಿಯ ಗಾಂಧಾರಕ್ಕೆ ಅದು ಢಿಕ್ಕಿ ಹೊಡೆಯುತ್ತದೆ. ತಬಲಾವನ್ನು ಮೊದಲೇ ಪಂಚಮಕ್ಕೆ, ಅಂದರೆ ಕರಿ 4ಕ್ಕೆ ಕೂಡಿಸಿಕೊಂಡರೆ ಈ ತೊಡಕಿಲ್ಲ. ನಾಯಕನಿಗೆ ಅದು ಪಂಚಮವಾಗಿ, ನಾಯಕಿಗೆ ಷಡ್ಜವಾಗಿ ಇಬ್ಬರಿಗೂ ಹೊಂದುತ್ತದೆ. ಬೇರೆ ಗಾತ್ರದ ಎರಡು ತಬಲಾಗಳನ್ನು ಇಟ್ಟುಕೊಳ್ಳುವುದು ಇನ್ನೊಂದು ಉಪಾಯ. ಕೊಳಲಿನವರು ಶ್ರುತಿಗೆ ತಕ್ಕಂತೆ ಕೊಳಲು ಬದಲಿಸಬೇಕಾಗುವುದರಿಂದ ಸೇತುವೆಯ ಅವಧಿಯಲ್ಲಿ ಅವರಿಗೆ ಬಿಡುವು ಕೊಡಬೇಕು. ವಿದ್ಯುನ್ಮಾನ ಶ್ರುತಿಪೆಟ್ಟಿಗೆಯ ಗುಂಡಿ ತಿರುಗಿಸುವಾಗ ನಡುವಿನ ಶ್ರುತಿಗಳೆಲ್ಲ ಕೇಳಿಸುವ ಸಂಭವವಿದೆ. ಎರಡು ಪೆಟ್ಟಿಗೆಗಳನ್ನು ಬೇರೆ ಬೇರೆ ಶ್ರುತಿಗೆ ಹೊಂದಿಸಿಟ್ಟು ಒಂದನ್ನು ತಗ್ಗಿಸಿ ಇನ್ನೊಂದನ್ನು ಏರಿಸುವುದು ಲೇಸು.

ಸ್ಕೇಲ್ ಚೇಂಜರ್ ಹಾರ್ಮೋನಿಯಂನಲ್ಲಿ ಮನೆಗಳ ಸಾಲನ್ನೇ ಪಕ್ಕಕ್ಕೆ ಸರಿಸಿ ಶ್ರುತಿ ಬದಲಿಸಬಹುದು. ಬೆರಳುಗಳ ರೂಢಿಯನ್ನು ಬದಲಿಸಬೇಕಿಲ್ಲ ಎಂಬುದು ಅದರ ಅನುಕೂಲ. ಆದರೆ ಹಾಡು ನಡೆಯುತ್ತಿರುವಾಗ ಅದನ್ನು ಸರಿಸಲಾಗದು. ಕ್ಯಾಸಿಯೊದ ಟ್ರಾನ್ಸ್‌ಪೋಸ್ ಗುಂಡಿ ಕ್ಷಣಾರ್ಧದಲ್ಲಿ ಶ್ರುತಿ ಬದಲಿಸುತ್ತದೆ. ಕಂಪ್ಯೂಟರಿನಲ್ಲಿ ಸಿದ್ಧಪಡಿಸುವ ಟ್ರ್ಯಾಕುಗಳಲ್ಲಿ ಇದು ಇನ್ನೂ ಸುಲಭ. ಈ ಸೌಲಭ್ಯವೇ ಕಲಿಕೆಗೆ ಅಡ್ಡಿಯಾಗುವುದೂ ಉಂಟು. ಗುಂಡಿ ಒತ್ತಿದಾಗ ಎಲ್ಲ ಸ್ವರಗಳೂ ಏಕಕಾಲಕ್ಕೆ ಜಿಗಿಯುತ್ತವೆ. ಎರಡು ಶ್ರುತಿಗಳಿಗೆ ಸಮಾನವಾದ ಮನೆ ಯಾವುದೆಂದು ನುಡಿಸುವವರ ಬೆರಳಿಗೆ ತಿಳಿಯುವುದಿಲ್ಲ. ಸೇತುವೆಯನ್ನು ಕಟ್ಟಲು ಆ ತಿಳಿವಳಿಕೆಯೇ ಮುಖ್ಯ. ಆದಕಾರಣ ಒಂದೇ ಹಾಡನ್ನು ಕರಿ 1, ಕರಿ 3, ಕರಿ 4 ಈ ಮೂರು ಶ್ರುತಿಗಳಲ್ಲಿ ಗುಂಡಿಯ ನೆರವಿಲ್ಲದೆ ನುಡಿಸುವುದು ಮೊದಲ ಅಭ್ಯಾಸವಾಗಬೇಕು.

ಎಲ್ಲಿ ಬೇಡ

ಎಲ್ಲ ಹಾಡುಗಳಿಗೂ ಈ ತಂತ್ರ ಸಲ್ಲದು. ನೂರಾರು ಜನ ಒಟ್ಟಿಗೆ ಹಾಡುವ ಗೀತೆಗೆ ಒಂದೇ ಷಡ್ಜವಿರಬೇಕು. ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು 2022ರಲ್ಲಿ ರಾಜ್ಯ ಸರ್ಕಾರ ಗೊತ್ತುಪಡಿಸಿದ ನಾಡಗೀತೆಯನ್ನು ಶಾಲೆಯ ಅಂಗಳದಲ್ಲಿ ಮಕ್ಕಳು, ಶಿಕ್ಷಕರು ಎಲ್ಲರೂ ಕೂಡಿ ಹಾಡುತ್ತಾರೆ. ಅಂಥಲ್ಲಿ ನಡುವೆ ಶ್ರುತಿ ಸರಿದರೆ ಗುಂಪು ಒಡೆಯುತ್ತದೆ. ಅಲ್ಲಿ ಬೇಕಾದದ್ದು ಎಲ್ಲರಿಗೂ ನಿಲುಕುವ ಒಂದು ಶ್ರುತಿಯ ಆಯ್ಕೆ. ಭಜನೆ, ಲಾಲಿಹಾಡುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಏಕಾಗ್ರತೆ ಅಥವಾ ನಿದ್ದೆಯನ್ನು ತರಬೇಕಾದ ಹಾಡಿನಲ್ಲಿ ನೆಲೆ ಕದಲಬಾರದು.

ಹುರುಪಿಗಾಗಿ ಕೊನೆಯ ಪಲ್ಲವಿಯನ್ನು ಏರಿಸುವಾಗಲೂ ಕಂಠದ ಲೆಕ್ಕ ಮರೆಯಬಾರದು. ತಾರ ಗಾಂಧಾರವೇ ತುದಿಯಾಗಿರುವ ಗಾಯಕನಿಗೆ ಒಂದು ಮೆಟ್ಟಿಲು ಏರಿಸಿದರೆ ತುದಿ 349ರಿಂದ 392ಕ್ಕೆ ಹೋಗುತ್ತದೆ. ಕೊನೆಯಲ್ಲಿ ಏರಿಸುವ ಉದ್ದೇಶವಿದ್ದರೆ ಹಾಡನ್ನು ಅಷ್ಟೇ ಮೆಟ್ಟಿಲು ಕೆಳಗಿನಿಂದ ಆರಂಭಿಸಬೇಕು.

ಕಲಿಕೆಯ ಕ್ರಮ

ಹೊಸದಾಗಿ ಹಾಡು ಕಟ್ಟುವವರು ಅನುಸರಿಸಬಹುದಾದ ಕ್ರಮ ಹೀಗಿದೆ. ಮೊದಲು ಹಾಡುವವರಿಬ್ಬರ ಕಂಠಗಳ ತಳ ಮತ್ತು ತುದಿಯನ್ನು ಮನೆಗಳ ಹೆಸರಿನಲ್ಲಿ ಬರೆದುಕೊಳ್ಳಬೇಕು. ಹಾಡಿನ ತಳ ಮತ್ತು ತುದಿಯನ್ನೂ ಬರೆದು ಇಬ್ಬರಿಗೂ ತಕ್ಕ ಷಡ್ಜ ಯಾವುದೆಂದು ನೋಡಬೇಕು. ಎರಡೂ ಶ್ರುತಿಗಳಲ್ಲಿ ರಾಗದ ಮನೆಗಳನ್ನು ಬರೆದು ಸಮಾನವಾದವುಗಳಿಗೆ ಗುರುತು ಹಾಕಬೇಕು. ಪಲ್ಲವಿಯ ನಿಲುಗಡೆಯನ್ನು ಸಮಾನ ಮನೆಯೊಂದರ ಮೇಲೆ ತರಬೇಕು. ಬದಲಾಗುವ ಸ್ವರವನ್ನು ಸೇತುವೆಯಲ್ಲಿ ಒಮ್ಮೆಯಾದರೂ ಕೇಳಿಸಿ, ಆ ಮೇಲೆ ಆಧಾರ ನಾದವನ್ನು ಬದಲಿಸಬೇಕು.

ಕೊನೆಗೊಂದು ಪರೀಕ್ಷೆ. ವಾದ್ಯಗಳಿಲ್ಲದೆ ಹಾಡಿಸಿ, ಚರಣದ ಮೊದಲ ಸಾಲು ಮುಗಿದೊಡನೆ ನಿಲ್ಲಿಸಿ, ಕೇಳುತ್ತಿದ್ದ ಯಾರಿಗಾದರೂ ‘ಸ’ ಹಾಡಲು ಹೇಳಬೇಕು. ಅವರು ಹೊಸ ಷಡ್ಜವನ್ನು ಹಾಡಿದರೆ ಸೇತುವೆ ಗಟ್ಟಿಯಾಗಿದೆ. ಹಳೆಯದನ್ನು ಹಾಡಿದರೆ ಇನ್ನೊಂದು ಆವರ್ತ ಬೇಕು. ಹಾಡಲಾಗದೆ ತಡವರಿಸಿದರೆ ಸೇತುವೆಯನ್ನು ಮತ್ತೆ ಕಟ್ಟಬೇಕು.

ಈ ಪರೀಕ್ಷೆಯನ್ನು ನಡೆಸಲು ಹೆಚ್ಚೆಂದರೆ ಒಂದು ಸಂಜೆ ಸಾಕು. ಅದನ್ನು ಊರಿನ ಗಂಡು ಪಾತ್ರಧಾರಿಗಳ ನಡುವೆಯೇ ಮುಗಿಸಿಬಿಟ್ಟರೆ ಪ್ರಯೋಜನವಿಲ್ಲ. ಕಲಾವಿದೆಯನ್ನು ಗೊತ್ತುಮಾಡುವಾಗ ಪಾತ್ರ, ಸಂಭಾವನೆ, ದಿನಾಂಕಗಳ ಜೊತೆಗೆ ಅವರ ಶ್ರುತಿಯನ್ನೂ ಕೇಳಿ ಬರೆದುಕೊಂಡು ಮಾಸ್ತರರಿಗೆ ತಿಳಿಸಿದರೆ, ಅವರು ಬಂದು ಸೇರುವ ವೇಳೆಗೆ ಅವರ ಚರಣ ಅವರದೇ ಶ್ರುತಿಯಲ್ಲಿ ಸಿದ್ಧವಾಗಿರುತ್ತದೆ.